ಪಾರ್ವತಿಬಾಯಿಯ ತಾಯಿ ಹಾಡಿದ ರೆಕಾರ್ಡು

ಹುಮನಾಬಾದ್, ಶುಕ್ರವಾರ

ಬಸವಕಲ್ಯಾಣದ ಪಾರ್ವತಿಬಾಯಿ ಅಕ್ಕನವರಿಗೆ ವೀರಶೆಟ್ಟಿಯ ಶರಣಾರ್ಥಿ.

ನಿಮ್ಮ ತಾಯಿಯವರು ಹಾಡಿದ ಗ್ರಾಮೋಫೋನ್ ರೆಕಾರ್ಡು ಒಡೆದುಹೋಯಿತು ಎಂದು ಫೋನಿನಲ್ಲಿ ಹೇಳಿದ್ದು ಸುಳ್ಳು. ತಾಯಿಯ ದನಿಯೇ ನೆನಪಿಲ್ಲ ಎಂದು ನೀವು ಅತ್ತಾಗಲೂ ಅದು ನನ್ನ ಕಪಾಟಿನಲ್ಲೇ ಇತ್ತು. ಹನ್ನೆರಡು ವರ್ಷದಿಂದ ನಾನು ಹುಡುಕುತ್ತಿದ್ದ ಎರಡು ರೆಕಾರ್ಡುಗಳು ಸೊಲ್ಲಾಪುರದ ಸಂಗ್ರಾಹಕರೊಬ್ಬರ ಬಳಿ ಇದ್ದವು. ಅವುಗಳ ಬದಲಿಗೆ ಇದನ್ನು ಕೊಡುವುದಾಗಿ ಮಾತು ಕೊಟ್ಟಿದ್ದೆ.

ಇಂದು ಬೆಳಿಗ್ಗೆ ಅವರು ಬಂದರು. ಅವರೆದುರು ಮೊದಲ ಸಲ ಕೊನೆಯವರೆಗೂ ಕೇಳಿದೆ. ಹಾಡು ಮುಗಿಯುವಾಗ ಮಗುವೊಂದು ಅಳುತ್ತದೆ. "ಅಳಬ್ಯಾಡ ಪಾರೂ, ಮುಗೀತು" ಎನ್ನುತ್ತಾರೆ ನಿಮ್ಮ ತಾಯಿ.

"ಕೂಸಿನ ಅಳು ಕೇಳಿದ್ರಿ? ಅದಕ್ಕ ನಾ ಇದರ ಬೆನ್ನು ಹತ್ತೇನಿ" ಎಂದು ಆ ಸಂಗ್ರಾಹಕರು ನಕ್ಕರು.

ನಾನು ರೆಕಾರ್ಡು ತೆಗೆದು ಎದೆಗೆ ಹಿಡಿದೆ.

"ಇದು ಕೊಡಂಗಿಲ್ರಿ."

"ಮಾತು ಕೊಟ್ಟೀರಿ!" ಎಂದು ಕಸಿಯಲು ಬಂದರು. ಅಂಚು ತುಸು ಮುಕ್ಕಾಯಿತು, ಹಾಡು ಉಳಿಯಿತು. ಬೈಯುತ್ತ ಹೊರಟುಹೋದರು.

ಮುಂದಿನ ಗುರುವಾರ ಗ್ರಾಮೋಫೋನ್ ಸಮೇತ ಬರುತ್ತೇನೆ. ಅಲುಗಾಡದ ಮೇಜೊಂದನ್ನು ಇಟ್ಟಿರಿ. ಮುಳ್ಳು ಇಟ್ಟು ನಾನು ಹೊರಗೆ ಕಟ್ಟೆಯ ಮೇಲೆ ಕೂಡುತ್ತೇನೆ. ನೀವೊಬ್ಬರೇ ಕೇಳಿರಿ.

ತಪ್ಪಿತಸ್ಥ,
ವೀರಶೆಟ್ಟಿ