ಲಿಥಿಯಂ ಜಾಗಕ್ಕೆ ಬಂದ ‘ಸಮಾನ ಔಷಧ’

ಆಸ್ಪತ್ರೆಯ ಔಷಧ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ, ರಕ್ತದಲ್ಲಿ ಲಿಥಿಯಂ ಎಷ್ಟಿದೆಯೆಂದು ನೋಡುವ ಯಂತ್ರ ಕೆಟ್ಟಿತೆಂದು ನೀವು ಆ ಮಾತ್ರೆ ಕೊಡುವುದನ್ನೇ ನಿಲ್ಲಿಸಿದಿರಿ. ಬದಲಿಗೆ ವಾಲ್ಪ್ರೊಯೇಟ್ ಕೊಡಿಸಿ, ಚೀಟಿಗಳ ಮೇಲೆ ‘ಸಮಾನ ಔಷಧ’ ಎಂದು ಮೊಹರು ಒತ್ತಿಸಿದಿರಿ. ಯಂತ್ರ ರಿಪೇರಿಗಿಂತ ಮೊಹರು ಮಾಡಿಸುವುದು ಸುಲಭ, ಒಪ್ಪುತ್ತೇನೆ.

ನನ್ನ ಅಕ್ಕ ಬಟ್ಟೆ ಹೊಲಿಯುವವಳು. ಮನಸ್ಸು ವಿಪರೀತ ಏರಿಳಿಯುವ ಬೈಪೋಲಾರ್ ಕಾಯಿಲೆಯಿದ್ದರೂ ಲಿಥಿಯಂ ನುಂಗಿಕೊಂಡು ಆರು ವರ್ಷ ನೆಟ್ಟಗಿದ್ದಳು. ಆ ಮಾತ್ರೆಯಿಂದ ಕೈ ಸಣ್ಣಗೆ ನಡುಗುತ್ತಿತ್ತು. “ಗೆರೆ ಡೊಂಕಾದ್ರೆ ಇನ್ನೊಂದ್ಸಲ ಎಳೀತೀನಿ ಬಿಡೇ. ತಲೆ ಕೆಟ್ರೆ ನಿಮ್ಮಪ್ಪ ಬಂದು ಸರಿಮಾಡ್ತಾನಾ?” ಎಂದು ನಗುತ್ತಿದ್ದಳು, ಅವಳ ಅಪ್ಪ ಬೇರೆ ಯಾರೋ ಎಂಬಂತೆ.

ಕೌಂಟರಿನಲ್ಲಿ ಕೇಳಿದೆ: “ಅಣ್ಣಾ, ಇದು ಬೇರೆ ಮಾತ್ರೆ ಅಲ್ವಾ?”

“ಎರಡೂ ತಲೆಗೇ ಕಣಮ್ಮ. ನೀವೇನು ಡಾಕ್ಟ್ರಿಗಿಂತ ಜಾಸ್ತಿ ಓದಿದ್ದೀರಾ?”

ನಾನು ಓದಿದ್ದು ಸಾಹಿತ್ಯ. ಕೊಟ್ಟ ಮಾತ್ರೆ ತೆಗೆದುಕೊಂಡು ಬಂದೆ. ಡಾಕ್ಟರು ಆ ಬದಲಾವಣೆಯನ್ನು ನೋಡಿಯೇ ಇರಲಿಲ್ಲ ಎಂದು ತಿಳಿದದ್ದು ಆಮೇಲೆ.

ಮೂರನೆಯ ವಾರ ಅಕ್ಕನ ನಿದ್ದೆ ಹಾರಿಹೋಯಿತು. ಒಂದು ಮಧ್ಯಾಹ್ನ ಬಂದು ನೋಡಿದರೆ ಕಿಟಕಿಗಳಿಗೆ ಪರದೆಯಿಲ್ಲ. ಅವನ್ನೆಲ್ಲ ಕತ್ತರಿಸಿ, ಅಂಗೈಯಗಲದ ನಲವತ್ತು ಅಂಗಿ ಹೊಲಿದು, ನೆಲದ ಮೇಲೆ ಸಾಲಾಗಿ ಹಾಸಿದ್ದಳು. “ಮೆಲ್ಲಗೆ ನಡಿಯೇ, ಎಲ್ಲಾ ಈಗ ಮಲಗಿದ್ದಾರೆ” ಎಂದಳು. ಅಕ್ಕ, ಭಾವ ಮಗು ಬೇಕೆಂದು ನಿರ್ಧರಿಸಿದ್ದ ವರ್ಷವದು. ಹೊಟ್ಟೆಯಲ್ಲಿರುವ ಮಗುವಿಗೆ ವಾಲ್ಪ್ರೊಯೇಟ್ ಎಂಥ ಅಪಾಯವೆಂದು ಮಾತ್ರೆಯ ಜೊತೆಗಿನ ಹಾಳೆಯಲ್ಲೇ ಅಚ್ಚಾಗಿದೆ. ಮೊಹರು ಒತ್ತಿದವರಿಗೆ ಓದಲು ಬಿಡುವಿರಲಿಲ್ಲವೇ?

ಲಿಥಿಯಂ ಅಮೃತವೆಂದು ನಾನು ಹೇಳುತ್ತಿಲ್ಲ. ಅದು ಮೂತ್ರಪಿಂಡಕ್ಕೆ, ಥೈರಾಯ್ಡಿಗೆ ತೊಂದರೆ ಕೊಡಬಹುದು. ಪ್ರಮಾಣ ಮೀರಿದರೆ ವಿಷ. ರಕ್ತ ಪರೀಕ್ಷೆ ಇರುವುದೇ ಅದಕ್ಕೆ. ಆಮೇಲೆ ಅಕ್ಕನನ್ನು ಸೇರಿಸಿದ ವಾರ್ಡಿನಲ್ಲಿ ಅವಳ ಪಕ್ಕದಲ್ಲಿದ್ದ ನಿವೃತ್ತ ಟೀಚರಿಗೆ ಲಿಥಿಯಂ ಒಗ್ಗಲಿಲ್ಲ. ಅವರ ಕೈಹಿಡಿದದ್ದು ವಾಲ್ಪ್ರೊಯೇಟೇ. ಎರಡನ್ನೂ ಹೋಲಿಸಲೇಬೇಕು. ಆದರೆ ಹೋಲಿಸುವುದು ರೋಗಿಯನ್ನು ಎದುರಿಗೆ ಕೂರಿಸಿಕೊಂಡೋ, ಉಗ್ರಾಣದ ಪಟ್ಟಿಯನ್ನು ಮುಂದಿಟ್ಟುಕೊಂಡೋ?

ಅಕ್ಕ ಈಗ ಮನೆಯಲ್ಲಿದ್ದಾಳೆ. ಕತ್ತರಿ ಮುಟ್ಟುವುದಿಲ್ಲ. “ನಾನೇನಾದ್ರೂ ಜಾಸ್ತಿ ಮಾತಾಡಿದ್ನಾ?” ಎಂದು ಪ್ರತಿ ಮಾತಿಗೂ ಕೇಳುತ್ತಾಳೆ. ಡಾಕ್ಟರು ಮತ್ತೆ ಲಿಥಿಯಂ ಬರೆದಿದ್ದಾರೆ. ನಿಮ್ಮ ಕೌಂಟರಿನಲ್ಲಿ ಇಲ್ಲ. ಭಾವ ಬೇರೆ ಊರಿನಿಂದ ತಂದದ್ದು ಇನ್ನು ಒಂಬತ್ತು ದಿನಕ್ಕೆ ಸಾಕು.

ಆ ಒಂಬತ್ತು ದಿನದೊಳಗೆ ಲಿಥಿಯಂ ತರಿಸಿ, ಯಂತ್ರ ಸರಿಪಡಿಸಿ. ಡಾಕ್ಟರನ್ನು ಕೇಳದೆ ಯಾರ ಮಾತ್ರೆಯನ್ನೂ ಬದಲಿಸಬೇಡಿ. ಹತ್ತನೆಯ ದಿನ ನಮ್ಮ ಮನೆಯಲ್ಲಿ ಏನಾಗುತ್ತದೆಂದು ನನಗೆ ಗೊತ್ತು. ಇನ್ನು ಮೇಲೆ ನಿಮಗೂ ಗೊತ್ತು.

ಇಂತಿ,
ಅಕ್ಕ ಜೋರಾಗಿ ನಕ್ಕರೂ ಬೆಚ್ಚಿಬೀಳುವುದನ್ನು ಕಲಿತ ತಂಗಿ