ಕಾರಿಗೆ ಹೋದ ಮುಚ್ಚಳ

ಅಪ್ಪಾ,

ಅಮ್ಮ ಮನೆಯೆಲ್ಲ ಜಾಲಾಡುತ್ತಿರುವ ದೊಡ್ಡ ಪಾತ್ರೆಯ ಮುಚ್ಚಳವನ್ನು ನಿಮ್ಮ ಹಳೇ ಕಾರಿನ ಎಡಬಾಗಿಲಲ್ಲಿ ನೋಡಿದೆ. ತುಕ್ಕು ತಿಂದ ತೂತಿಗೆ ತೇಪೆಯಾಗಿ ಚೆನ್ನಾಗಿಯೇ ಕೂತಿದೆ. ಆದರೆ ಸುತ್ತಲಿನ ತುಕ್ಕಿನ ಮೇಲೆ ಹಾಗೇ ಸಂದು ತುಂಬುವ ಪುಟ್ಟಿ ಮೆತ್ತಬೇಡಿ. ತಗಡು ಹೊಳೆಯುವವರೆಗೆ ಉಪ್ಪುಕಾಗದದಲ್ಲಿ ಉಜ್ಜಿ. ಇಲ್ಲದಿದ್ದರೆ ಬಣ್ಣ ಉಬ್ಬಿ ಮುಚ್ಚಳದ ದುಂಡು ಎದ್ದು ಕಾಣುತ್ತದೆ, ಅಮ್ಮ ಗೇಟಿನಿಂದಲೇ ಗುರುತು ಹಿಡಿಯುತ್ತಾಳೆ.

ಮುಚ್ಚಳದಿಂದ ಕತ್ತರಿಸಿದ ಹಿಡಿ ನಿಮ್ಮ ಅಂಗಿ ಜೇಬಿನಲ್ಲಿತ್ತು. ಒಗೆಯುವ ಮೊದಲು ತೆಗೆದಿಟ್ಟೆ. ನಿನ್ನೆ ಅಮ್ಮನಿಗೆ "ಬೆಕ್ಕು ಎಳ್ಕೊಂಡು ಹೋಗಿರ್ಬೇಕು ಕಣೇ" ಅಂದಿರಲ್ಲ, ನಗು ತಡೆಯಲಾಗದೆ ನಾನು ಎದ್ದು ಹೋದೆ.

ಅಂಗಡಿಯವರ ಮುಂದೆ ನನಗೆ ಮಾತೇ ಹೊರಡುವುದಿಲ್ಲ, ನಿಮಗೇ ಗೊತ್ತು. ಆದರೂ ಹೊಸ ಮುಚ್ಚಳ ತರಲು ಹೊರಟಿದ್ದೇನೆ. ಅಳತೆಗೆ ಪಾತ್ರೆಯನ್ನೇ ಒಯ್ಯುತ್ತಿದ್ದೇನೆ. ಅಮ್ಮ ಈಗ ಪಾತ್ರೆ ಎಲ್ಲಿ ಎಂದು ಕೇಳಿದರೆ, ಅದನ್ನೂ ಬೆಕ್ಕಿನ ತಲೆಗೇ ಕಟ್ಟಿ.