ಹಿಡಿ ಗೊಬ್ಬರ

ಅಪ್ಪನಿಗೆ,

ನೀವು ಹೊರಟು ವಾರವಾಯಿತು. ಬಾಲ್ಕನಿಯ ಹನ್ನೊಂದು ಗುಲಾಬಿ ಕುಂಡಗಳಲ್ಲಿ ಹತ್ತು ಸುಟ್ಟುಹೋಗಿವೆ.

ಐದು ಲೀಟರ್ ನೀರಿಗೆ ಒಂದು ಚಮಚ ಗೊಬ್ಬರ, ಹದಿನೈದು ದಿನಕ್ಕೊಮ್ಮೆ ಎಂದು ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದೆ. ನೀವು ಬುಡಕ್ಕೆ ಹಿಡಿ ಹಿಡಿ ಸುರಿದಿರಿ, ಅದೂ ನಾನು ಕೆಲಸಕ್ಕೆ ಹೋದ ಮೇಲೆ. ನಲವತ್ತು ವರ್ಷ ಔಷಧಿ ಅಂಗಡಿ ನಡೆಸಿದವರು ನೀವು. ಗಿರಾಕಿ ಒಂದು ಮಾತ್ರೆ ಹೆಚ್ಚಿಗೆ ಕೇಳಿದರೆ ಬೈದು ಕಳಿಸುತ್ತಿದ್ದಿರಿ. ನನ್ನ ಗಿಡ ಅಂದರೆ ಅಷ್ಟು ಸಸಾರವೇ?

ಪಕ್ಕದ ಮನೆಯಾಕೆ ತಡೆದರೆ, "ನಾನು ಹೊರಡೋದ್ರೊಳಗೆ ಹೂ ನೋಡ್ಬೇಕಮ್ಮ" ಅಂದಿರಂತೆ. ಹೊರಡುವ ದಿನ ಗೊತ್ತುಮಾಡಿದವರು ಯಾರು? ಪ್ರತಿ ಸಲವೂ ಹತ್ತೇ ದಿನ. ಬಂದ ದಿನವೇ ವಾಪಸಿನ ಟಿಕೆಟ್ ತೋರಿಸುತ್ತೀರಿ.

ಮೂರು ದಿನದಿಂದ ಬಕೆಟ್‌ಗಟ್ಟಲೆ ನೀರು ಹಾಕಿ ಮಣ್ಣು ತೊಳೆಯುತ್ತಿದ್ದೇನೆ. ಸೊಂಟ ಬಿದ್ದುಹೋಗಿದೆ. ಫೋನ್ ಮಾಡಬೇಡಿ, ಮಾತಾಡುವಷ್ಟು ಸಮಾಧಾನ ನನಗಿಲ್ಲ. ಹೊಸ ಗಿಡ ಕಳಿಸುವ ಉಸಾಬರಿಯೂ ಬೇಡ.

ಬಾಲ್ಕನಿ ಬಾಗಿಲ ಹಿಂದಿನ ಕುಂಡ ನಿಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಅದರಲ್ಲಿ ಒಂದು ಮೊಗ್ಗಿದೆ. ಅರಳಲು ಇನ್ನೂ ಎರಡು ವಾರ ಬೇಕು. ನೋಡಬೇಕೆಂದಿದ್ದರೆ ವಾಪಸಿನ ಟಿಕೆಟ್ ಇಲ್ಲದೆ ಬನ್ನಿ.

ಇನ್ನೂ ಸಿಟ್ಟಿಳಿಯದ
ನಿಮ್ಮ ಮಗಳು